ಮೋಲ್ ಎಂದರೆ ಸಾಬೂನಲ್ಲವಂತೆ!

ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಡಲಂಚಿನ ಕರಿಬಂಡೆಯ ಮೇಲೆ ಸೆಫಿನಾ ಬಲಗೈಯನ್ನು ತಲೆಗಿಂತ ಮೇಲಕ್ಕೆತ್ತಿ ನಿಂತಿದ್ದಾಳೆ. ದೂರದಿಂದ ನೋಡಿದವರಿಗೆ ಯಾರೋ ಪುಣ್ಯಾತ್ಗಿತ್ತಿ ಪ್ರಾರ್ಥನೆ ಮಾಡುತ್ತಿದ್ದಾಳೆ ಎನಿಸಬೇಕು. ಹತ್ತಿರ ಹೋದರೆ ಕೈಯಲ್ಲಿ ಮೊಬೈಲು. ವೈಸಿನಾ ಊರಿನಲ್ಲಿ ಸಿಗ್ನಲ್ಲು ಸಿಗುವುದು ಈ ಬಂಡೆಯ ಮೇಲೆ ಮಾತ್ರ, ಅದೂ ಗಾಳಿ ಎದ್ದು ಅಲೆ ಮೇಲೆ ಹಾರುವುದಕ್ಕೆ ಮುಂಚೆ.

"ಐದು," ಎನ್ನುತ್ತಾಳೆ ನನ್ನ ಕಡೆ ತಿರುಗದೆ. "ಇದೂ ಐದೇ ಅಂತಿದೆ ಅಕ್ಕಾ."

ಇದು ಮೂರನೆಯ ಕ್ಯಾಲ್ಕುಲೇಟರು. ಮೂರೂ ಬೇರೆ ಬೇರೆ ವೆಬ್‌ಸೈಟಿನವು, ಮೂರೂ ಕೆಮಿಸ್ಟ್ರಿಯ ಲೆಕ್ಕ ಮಾಡಿಕೊಡುವಂಥವು. ಒಂದು ಚೌಕದಲ್ಲಿ ವಸ್ತುವಿನ ಹೆಸರು, ಇನ್ನೊಂದರಲ್ಲಿ ತೂಕ. ಒತ್ತಿದರೆ ಕೆಳಗೆ ಉತ್ತರ. ಸೆಫಿನಾ ಕಾಸ್ಟಿಕ್ ಸೋಡಾದ ಹೆಸರು ಆರಿಸಿ ಇನ್ನೂರು ಗ್ರಾಂ ಎಂದು ತುಂಬುತ್ತಾಳೆ. ಮೂರೂ ಒಂದೇ ಬಾಯಲ್ಲಿ ಐದು ಎನ್ನುತ್ತವೆ. ಅವಳು ಒದ್ದೆ ಬೆರಳನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡು ಮತ್ತೊಮ್ಮೆ ತುಂಬುತ್ತಾಳೆ. ಮತ್ತೆ ಐದು.

"ಲೆಕ್ಕ ಸರಿ ಇದೆ. ಸೋಡಾ ಸರಿ ಇದೆ. ಮತ್ತೆ ಪಾದ್ರಿಯಮ್ಮನ ಕೈ ಯಾಕೆ ಸುಟ್ಟಿತು? ನಂಗೆ ತಲೆನೇ ಓಡ್ತಿಲ್ಲ."

ನನಗೂ ಓಡುತ್ತಿಲ್ಲ. ಲೆಕ್ಕವೆಂದರೆ ನನಗೆ ಚಿಕ್ಕಂದಿನಿಂದ ಚಳಿಜ್ವರ. ಇವಳ ಬಗ್ಗೆ ಪತ್ರಿಕೆಗೆ ನಾಲ್ಕು ಮಾತು ಬರೆಯೋಣ ಎಂದು ಬಸ್ಸು ಹತ್ತಿ ಬಂದವಳು ನಾನು; ಬಂದು ನೋಡಿದರೆ ಸಾಬೂನು ಕಾಯಿಸುವ ಕೊಟ್ಟಿಗೆಗೆ ಬೀಗ, ಕೆಲಸದವಳು ಬಂಡೆಯ ಮೇಲೆ.

ಸೆಫಿನಾ ಯಾರು ಎಂದು ನಮ್ಮ ಸವಾಯಿ ದ್ವೀಪದಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ ಎಂದೇ ಹೇಳುತ್ತಾರೆ. ಆದರೆ ಈ ಕರಾವಳಿಯಲ್ಲಿ ಅವಳ ಸಾಬೂನಿನಲ್ಲಿ ಕೈ ತೊಳೆಯದವರು ಕಡಿಮೆ. ಶಾಲೆಯ ನಲ್ಲಿಯ ಹತ್ತಿರ ಬಲೆಚೀಲದಲ್ಲಿ ನೇತಾಡುವುದು ಅವಳದ್ದು. ಆಸ್ಪತ್ರೆಯಲ್ಲಿ ದಾದಿಯರು ಕೈ ತೊಳೆಯುವುದು ಅವಳದ್ದರಲ್ಲಿ. ಸಾವಿನ ಮನೆಗೆ ಕಾಣಿಕೆಯಾಗಿ ನಯವಾದ ಚಾಪೆಗಳ ಜೊತೆ ಒಯ್ಯುವ ಬುಟ್ಟಿಯ ತಳದಲ್ಲೂ ಅವಳ ಒಂದೆರಡು ತುಂಡು ಇರುತ್ತವೆ. ಊರ ಹೆಂಗಸರ ಶುಚಿ ಸಮಿತಿಯ ಸಾಬೂನು ಎಂದು ಎಲ್ಲರೂ ಕರೆಯುತ್ತಾರೆ. ಸಮಿತಿ ಎಂದರೆ ಇಪ್ಪತ್ತು ಮೂವತ್ತು ಹೆಂಗಸರು ಕೂಡಿ ಕಾಯಿಸುತ್ತಾರೆ ಎಂದುಕೊಂಡಿದ್ದೆ ನಾನು. ಕೊಟ್ಟಿಗೆಯಲ್ಲಿ ಇರುವುದು ಇವಳೊಬ್ಬಳೇ.

ಅವಳಿಗೆ ಆ ಕೊಟ್ಟಿಗೆ ಸಿಕ್ಕಿದ್ದು ಯಾರಿಗೂ ಬೇಡವಾಗಿದ್ದರಿಂದ. ಮೊದಲು ಸಾಬೂನು ಕಾಯಿಸುತ್ತಿದ್ದ ಮುದುಕಿ ಕಣ್ಣಳತೆಯಲ್ಲೇ ಸೋಡಾ ಸುರಿಯುತ್ತಿದ್ದಳು. ಒಂದು ಸಲ ಜಿಡ್ಡು ಜಿಡ್ಡು, ಇನ್ನೊಂದು ಸಲ ಚರ್ಮ ಕಿತ್ತುಬರುವಂಥದ್ದು. ಅವಳು ತೀರಿಕೊಂಡ ಮೇಲೆ ಆ ಸುಡುವ ಡಬ್ಬಿ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಆಗ ಸಮಿತಿಯ ಅಧ್ಯಕ್ಷೆ ವಾಯಿಓಲಾ, "ಆ ಲೋಮಿಯ ಹೆಂಡ್ತಿಗೆ ಹೇಳಿ, ಸುಮ್ನೆ ಕೂತಿರ್ತಾಳೆ" ಎಂದರಂತೆ. ಲೋಮಿಯ ಹೆಂಡತಿ ಎಂದರೆ ಸೆಫಿನಾ. ಸುಮ್ಮನೆ ಕೂರುವುದನ್ನಂತೂ ಅವಳು ಕಂಡೇ ಇಲ್ಲ.

ನಮ್ಮ ಕಡೆ ಊರ ಹೆಣ್ಣುಮಕ್ಕಳೇ ಬೇರೆ, ಊರ ಸೊಸೆಯರೇ ಬೇರೆ. ಹೆಣ್ಣುಮಕ್ಕಳು ಸಭೆಯಲ್ಲಿ ಕೂರುತ್ತಾರೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆ ಒಲೆಮನೆಯಲ್ಲಿರುತ್ತಾಳೆ, ಬಡಿಸುತ್ತಾಳೆ, ಬಡಿಸಿದವರ ಮುಂದೆ ನೊಣ ಓಡಿಸುತ್ತಾಳೆ, ಎಲ್ಲರದ್ದೂ ಮುಗಿದ ಮೇಲೆ ಮಿಕ್ಕಿದ್ದನ್ನು ತಿನ್ನುತ್ತಾಳೆ. ಸೆಫಿನಾ ಆಚೆ ತೀರದ ಊರಿನವಳು. ಮಕ್ಕಳು ದೊಡ್ಡವರಾದರೂ ಅವಳು ಇಲ್ಲಿ ಇನ್ನೂ ಸೊಸೆಯೇ.

"ಮನೇಲಿ ಬೆಳಗಾದ್ರೆ ನೀರು ತಾ, ಎಲೆ ತಾ, ಅದು ಎತ್ತು, ಇದು ಇಡು. ಕೊಟ್ಟಿಗೇಲಿ ಮಾತ್ರ ನಾನು ಹೇಳ್ದಂಗೆ," ಎನ್ನುತ್ತಾಳೆ. "ಬಾಗ್ಲಲ್ಲೇ ನಿಂತ್ಕೊಳ್ಳಿ, ಒಳಗ್ ಬರಬೇಡಿ, ಕಣ್ಣು ಸುಡುತ್ತೆ ಅಂತ ಯಾರಿಗ್ ಬೇಕಾದ್ರೂ ಹೇಳ್ಬಹುದು. ಅಧ್ಯಕ್ಷರಿಗೂ ಹೇಳಿದೀನಿ! ಅವರು ನಿಂತ್ಕೊಂಡ್ರು ಅಕ್ಕಾ. ನಿಜ, ಬಾಗ್ಲಲ್ಲೇ ನಿಂತ್ಕೊಂಡ್ರು."

ಈ ಶನಿವಾರ ಸಮಿತಿ ಸೇರುತ್ತದೆ. ಕೊಟ್ಟಿಗೆಯನ್ನು ಮುಚ್ಚಿ ಅಂಗಡಿ ಸಾಬೂನನ್ನೇ ತರಿಸುವುದೋ, ಬೇರೆಯವರ ಕೈಗೆ ಕೊಡುವುದೋ, ಇವಳಿಗೇ ಬಿಡುವುದೋ ಅಲ್ಲಿ ತೀರ್ಮಾನ. ಬೀಗದ ಕೈ ಈಗ ವಾಯಿಓಲಾ ಅವರ ಸೊಂಟದಲ್ಲಿದೆ. ಹೊಸ ಸಾಬೂನು ಮಾಡಿ ತೋರಿಸೋಣವೆಂದರೆ ಅದು ಹದವಾಗಿ ಒಣಗುವುದಕ್ಕೇ ವಾರಗಳು ಬೇಕು. ಹಾಗಾಗಿ ಶನಿವಾರದೊಳಗೆ ತಪ್ಪು ಎಲ್ಲಿಯದು ಎಂದು ಹೇಳುವುದೊಂದೇ ಅವಳಿಗೆ ಉಳಿದಿರುವ ದಾರಿ.

ಈಗ ಈ ಕ್ಯಾಲ್ಕುಲೇಟರಿನ ಕಥೆ. ಸಾವಧಾನವಾಗಿ ಓದಿ, ನಾನೂ ಸಾವಧಾನವಾಗಿಯೇ ಬರೆಯುತ್ತೇನೆ. ಎರಡು ಸಲ ಕೇಳಿದ ಮೇಲೂ ನನ್ನ ತಲೆ ಗಿರ್ರೆನ್ನುತ್ತಿತ್ತು.

ನಮ್ಮ ಮಾತಿನಲ್ಲಿ ಕಿತ್ತಳೆಗೂ ಮೋಲಿ, ಸಾಬೂನಿಗೂ ಮೋಲಿ. ಹಿಂದೆ ಕಾಡುಕಿತ್ತಳೆ ಹಿಂಡಿ ತಲೆ ತೊಳೆಯುತ್ತಿದ್ದರು, ಹೆಸರು ಅಲ್ಲಿಂದಲೇ ಅಂಟಿಕೊಂಡಿತು ಎಂದು ಹಿರಿಯರು ಹೇಳುತ್ತಾರೆ. ಕೊಟ್ಟಿಗೆ ಕೈಗೆ ಬಂದ ಹೊಸದರಲ್ಲಿ ಸೆಫಿನಾಗೆ ಎಷ್ಟು ಸೋಡಾಕ್ಕೆ ಎಷ್ಟು ಸಾಬೂನು ಎಂದು ತಿಳಿಯದೆ ಹೆದರಿಕೆ. ಯಾರನ್ನು ಕೇಳಲಿ? ಕೇಳಿದರೆ 'ಇವಳಿಗೇನೂ ಬರಲ್ಲ' ಎನ್ನುತ್ತಾರೆ. ಬಂಡೆ ಹತ್ತಿ ಮೊಬೈಲಿನಲ್ಲಿ 'ಮೋಲಿ ಲೆಕ್ಕ' ಎಂದು ಹುಡುಕಿದಳು. ಮೊಬೈಲು, ನೀವು ಹುಡುಕುತ್ತಿರುವುದು ಮೋಲ್ ಕ್ಯಾಲ್ಕುಲೇಟರೇ ಎಂದು ಕೇಳಿತು. ಇವಳು ಹೌದಪ್ಪಾ ಎಂದು ಒತ್ತಿದಳು.

"ಕೊನೇ ಅಕ್ಷರ ಇರ್ಲಿಲ್ಲ. ಪರದೇಲಿ ಜಾಗ ಸಾಲದೆ ಬಿದ್ದೋಗಿದೆ ಅನ್ಕೊಂಡೆ. ಇಲ್ಲಾಂದ್ರೆ ಬಿಳಿಯರು ಬರೆದಿರ್ಬೇಕು. ನಮ್ಮ ಮಾತು ಬಿಳಿಯರಿಗೆ ನೆಟ್ಟಗೆ ಬರಿಯೋಕೆ ಯಾವತ್ತು ಬಂದಿದೆ?"

ವಸ್ತುಗಳ ಪಟ್ಟಿಯಲ್ಲಿ ಸೋಡಾ ಡಬ್ಬಿಯ ಮೇಲಿದ್ದ ಹೆಸರೇ ಕಾಣಿಸಿತು. ಇನ್ನೇನು ಬೇಕು? ಇನ್ನೂರು ಗ್ರಾಂ ತುಂಬಿದಳು. ಐದು ಮೋಲ್ ಎಂದು ಬಂತು. ಐದು ಮೋಲಿ, ಐದು ಸಾಬೂನು! ಕೊಟ್ಟಿಗೆಯಲ್ಲಿ ಮುದುಕಿಯ ಕಾಲದ ಮರದ ಅಚ್ಚುಗಳೂ ಐದೇ ಇದ್ದವು. ಅಚ್ಚಿಗೆ ಒಂದರಂತೆ ಚಹಾ ಕುಡಿಯುವ ಎನಾಮಲ್ ಲೋಟದಲ್ಲಿ ಐದು ಲೋಟ ಕೊಬ್ಬರಿ ಎಣ್ಣೆ ಅಳೆದಳು. ಮಳೆನೀರಿಗೆ ಸೋಡಾ ಹಾಕಿ ಕರಗಿಸಿ, ಆರಿಸಿ, ಬೆಚ್ಚಗೆ ಕಾಯಿಸಿದ ಎಣ್ಣೆಗೆ ಬೆರೆಸಿ ತಿರುವಿದಳು. ಗಟ್ಟಿಯಾಗಿ, ಬೆಳ್ಳಗೆ, ನೊರೆ ಉಕ್ಕುವ ಸಾಬೂನು ಬಂತು. ಊರಿನವರು ಮೂಸಿ ನೋಡಿ ತಲೆದೂಗಿದರು.

ಅಂದಿನಿಂದ ನಾಲ್ಕು ವರ್ಷ ಅದೇ ಲೆಕ್ಕ. ವಾರಕ್ಕೆ ಎರಡು ಸಲ ಕಾಯಿಸುತ್ತಾಳೆ. ಅಚ್ಚಿನಿಂದ ತೆಗೆದದ್ದನ್ನು ಗಾಳದ ದಾರದಲ್ಲಿ ನಾಲ್ಕು ತುಂಡು ಮಾಡಿ ಒಣಗಿಸುತ್ತಾಳೆ. ಸೋಡಾ ಕಡಿಮೆ ಇದ್ದ ದಿನ ನೂರಿಪ್ಪತ್ತು ಗ್ರಾಂ ತುಂಬುತ್ತಾಳೆ, ಮೊಬೈಲು ಮೂರು ಎನ್ನುತ್ತದೆ, ಇವಳು ಮೂರು ಲೋಟ ಎಣ್ಣೆ ಸುರಿಯುತ್ತಾಳೆ. ಒಂದು ದಿನವೂ ಕೆಟ್ಟಿಲ್ಲ. ಪ್ರತಿ ಸಲ ಬಂಡೆ ಹತ್ತಿ ಕೇಳಲೇಬೇಕಾ, ಬಾಯಿಪಾಠ ಆಗಿಲ್ಲವಾ ಎಂದು ನಾನು ಕೇಳಿದರೆ, "ಕೇಳದೆ ಮಾಡೋಕೆ ಧೈರ್ಯ ಇಲ್ಲ. ಅದಕ್ಕೆ ಗೊತ್ತಿರೋದು, ನಂಗಲ್ಲ" ಎನ್ನುತ್ತಾಳೆ.

ಕೆಟ್ಟದ್ದು ಈ ಬಿಳಿ ಭಾನುವಾರಕ್ಕೆ. ಮಕ್ಕಳ ಹಬ್ಬ. ಕೈಗೂಸಿನಿಂದ ಹಿಡಿದು ಎಲ್ಲರಿಗೂ ಬಿಳಿ ಬಟ್ಟೆ, ಮಕ್ಕಳಿಗೇ ಮೊದಲ ಊಟ. ಹಬ್ಬಕ್ಕೆಂದು ಎರಡು ತಿಂಗಳ ಮೊದಲೇ ಊರಿನ ಕಾಯನ್ನೆಲ್ಲ ಎತ್ತಿಟ್ಟರು, ಎಣ್ಣೆಗೆ ಒಂದೂ ಮಿಗಲಿಲ್ಲ. ವಾಯಿಓಲಾ ಅವರ ತಂಗಿ ಆಕ್ಲೆಂಡಿನಲ್ಲಿದ್ದಾಳೆ. ಹಡಗಿನಲ್ಲಿ ಅಡುಗೆ ಎಣ್ಣೆಯ ದೊಡ್ಡ ಡಬ್ಬಿಗಳನ್ನು ಕಳಿಸಿದ್ದಳು. "ನನ್ ತಂಗಿ ಕಳ್ಸಿರೋ ಎಣ್ಣೆ. ಇದ್ರಲ್ಲಿ ಮಾಡು, ಈ ಸಲ ಹಬ್ಬದ ಬಟ್ಟೆ ಎಷ್ಟು ಬೆಳ್ಳಗಾಗುತ್ತೆ ನೋಡು" ಎಂದು ಅಧ್ಯಕ್ಷೆ ಹೆಮ್ಮೆಯಿಂದ ಕೊಟ್ಟರು. ಸೆಫಿನಾ ಬಂಡೆ ಹತ್ತಿದಳು, ಇನ್ನೂರು ತುಂಬಿದಳು, ಐದು ಬಂತು, ಐದು ಲೋಟ ಸುರಿದಳು.

ಒಣಗಿದ ಮೇಲೆ ಎಂದಿನಂತೆ ಒಂದು ತುಂಡಿಗೆ ನಾಲಿಗೆ ತಾಗಿಸಿ ನೋಡಿದಳಂತೆ. ಸೋಡಾ ಮಿಕ್ಕಿದ್ದರೆ ಚುರ್ ಎನ್ನುತ್ತದೆ. ಈ ಸಲ ಎಂದಿತು.

"ಬೆಳಿಗ್ಗೆ ಅನಾನಸ್ ತಿಂದಿದ್ದೆ. ಅದಕ್ಕೇ ಉರೀತಿದೆ ಅನ್ಕೊಂಡೆ. ಮತ್ತೆ ಹೋಗಿ ಮೊಬೈಲ್ ನೋಡ್ದೆ. ಐದು ಅಂತಾನೇ ಇತ್ತು. ನನ್ ನಾಲಿಗೆನೇ ಸುಳ್ಳು ಹೇಳ್ತಿದೆ ಅನ್ಕೊಂಡೆ ಅಕ್ಕಾ."

ಹಬ್ಬದ ಹಿಂದಿನ ದಿನ ಪಾದ್ರಿಯಮ್ಮ, ಅಂದರೆ ಊರ ಪಾದ್ರಿಯ ಹೆಂಡತಿ, ಬೈಬಲ್ ಓದುವ ಮೇಜಿನ ಬಟ್ಟೆಗಳನ್ನು ತಮ್ಮ ಕೈಯಾರೆ ಒಗೆದರು. ಆ ಕೆಲಸವನ್ನು ಅವರು ಯಾರಿಗೂ ಬಿಡುವುದಿಲ್ಲ. ಸಂಜೆಗೆ ಎರಡೂ ಅಂಗೈ ಕೆಂಪಗೆ ಊದಿ ಸಿಪ್ಪೆ ಏಳತೊಡಗಿತ್ತು. ನಮ್ಮ ಊರುಗಳಲ್ಲಿ ಪಾದ್ರಿಯಮ್ಮನ ಮನೆಗೆ ಮೊದಲ ಮೀನು ಹೋಗುತ್ತದೆ, ಮೊದಲ ಹಣ್ಣು ಹೋಗುತ್ತದೆ. ಅಂಥವರ ಕೈ ಸುಡುವುದೆಂದರೆ ಊರಿಗೆ ಊರೇ ತಲೆ ತಗ್ಗಿಸುವ ಮಾತು. ಸೋಮವಾರ ಬೆಳಗಾಗುವುದರಲ್ಲಿ ಕೊಟ್ಟಿಗೆಗೆ ಬೀಗ ಬಿತ್ತು.

ನಾನು ಇಷ್ಟನ್ನೂ ಬರೆದುಕೊಂಡು ಎದ್ದುಬರಬಹುದಿತ್ತು. ಆದರೆ ಅವಳ ಮುಖ ನೋಡಿ ಏಳಲಾಗಲಿಲ್ಲ. "ಏಳು ಮಾರಾಯ್ತಿ, ಕಾಲೇಜಿನ ಸೆಮಿಸಿ ಮೇಷ್ಟ್ರನ್ನ ಕೇಳೋಣ. ಕೆಮಿಸ್ಟ್ರಿ ಅವರದ್ದೇ ಪಾಠ" ಎಂದೆ. ಮರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ತೊಡೆಯ ಮೇಲೆ ಸೆಫಿನಾ, ಅವಳ ತೊಡೆಯ ಮೇಲೆ ಬೀಗ ಬೀಳುವ ಮೊದಲೇ ಮನೆಗೆ ತಂದಿಟ್ಟಿದ್ದ ಆಕ್ಲೆಂಡಿನ ಎಣ್ಣೆಯ ಖಾಲಿ ಡಬ್ಬಿ, ಡಬ್ಬಿಯೊಳಗೆ ಎನಾಮಲ್ ಲೋಟ. ಹೀಗೆ ಕೂತು ಹೋದೆವು.

ಸೆಮಿಸಿ ಮೇಷ್ಟ್ರು ಊಟದ ಬಿಡುವಿನಲ್ಲಿದ್ದರು. ದೊಡ್ಡ ಆಳು, ಮೆತ್ತಗಿನ ದನಿ. ಅಲ್ಲಿ ನಡೆದ ಮಾತನ್ನು ಇದ್ದದ್ದು ಇದ್ದಂತೆ ಕೊಡುತ್ತೇನೆ.

"ಏನು ತೊಂದ್ರೆ?"

"ಐದು ಮೋಲಿ ಸರಿಯಾಗಿ ಬರ್ಲಿಲ್ಲ ಮೇಷ್ಟ್ರೇ."

"ಮೋಲ್ ಅನ್ನಿ. ಯಾವುದರದ್ದು?"

"ಸಾಬೂನಿಂದು."

"ಸಾಬೂನಿನ ಮೋಲ್ ತಗೊಂಡು ನೀವೇನ್ ಮಾಡ್ತೀರಿ?"

"ಸಾಬೂನಿನ ಮೋಲಿ ಅಲ್ಲ ಮೇಷ್ಟ್ರೇ. ಸಾಬೂನೇ ಮೋಲಿ."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅವರು ಮೊಬೈಲು ತೆಗೆದುಕೊಂಡು ಆ ಪುಟವನ್ನು ಮೇಲೆ ಕೆಳಗೆ ಮಾಡಿದರು. "ಇದ್ರಲ್ಲಿ ಸಾಬೂನು ಎಲ್ಲಿದೆ? ಇದು ಸೋಡಾದ ಮೋಲ್."

"ಹೌದು, ಸೋಡಾದಿಂದ ಆಗೋ ಮೋಲಿ."

"ಸೋಡಾದಿಂದ ಆಗೋದಲ್ಲಮ್ಮಾ, ಸೋಡಾದ್ದೇ!"

ಆಮೇಲೆ ಒಮ್ಮೆಲೇ ಅವರಿಗೆ ಹೊಳೆಯಿತು. ನಕ್ಕರು ನೋಡಿ, ಬೆಂಚು ಅಲುಗಾಡುವಂತೆ ನಕ್ಕರು. ಸೆಫಿನಾ ನೆಲ ನೋಡುತ್ತಿದ್ದಳು. ಅದು ಕಣ್ಣಿಗೆ ಬಿದ್ದೊಡನೆ ನಗು ನಿಲ್ಲಿಸಿ, ಪಕ್ಕದಲ್ಲಿ ಕೂತು, ನಿಧಾನವಾಗಿ ಹೇಳಿಕೊಟ್ಟರು.

"ನಾವು ಕಾಯಿನ ಜೋಡಿ ಕಟ್ಟಿ ಎಣಿಸ್ತೀವಲ್ಲ, ಹತ್ತು ಜೋಡಿ, ಇಪ್ಪತ್ತು ಜೋಡಿ ಅಂತ? ಮೋಲ್ ಅನ್ನೋದೂ ಹಂಗೇ ಒಂದು ಕಟ್ಟು. ಸೋಡಾದ ಕಣಗಳು ಕಣ್ಣಿಗೆ ಕಾಣಲ್ಲ, ಎಣಿಸೋಕಾಗಲ್ಲ. ಅದಕ್ಕೆ ತೂಗೋದು. ಸೋಡಾ ನಲವತ್ತು ಗ್ರಾಂ ತೂಗಿದ್ರೆ ಒಂದು ಕಟ್ಟು. ಇನ್ನೂರು ಗ್ರಾಂಗೆ ಐದು ಕಟ್ಟು. ಮೊಬೈಲ್ ಹೇಳ್ತಿರೋದು ಅಷ್ಟೇ. ನೀವು ಸಾಬೂನು ಮಾಡ್ತೀರಿ ಅಂತಾನೇ ಅದಕ್ಕೆ ಗೊತ್ತಿಲ್ಲ."

"ಗೊತ್ತಿಲ್ವಾ?"

"ಇಲ್ಲಮ್ಮಾ."

"ಹಾಗಾದ್ರೆ ನಾಲ್ಕು ವರ್ಷ ನಾನ್ ಮಾಡಿದ್ದೇನು?"

ಮೇಷ್ಟ್ರು ಲೋಟ ಕೇಳಿ ತೆಗೆದುಕೊಂಡು ಪ್ರಯೋಗಶಾಲೆಗೆ ಹೋದರು, ನಾವು ಹಿಂದೆ. ಒಂದು ಲೋಟ ಕೊಬ್ಬರಿ ಎಣ್ಣೆ ತೂಗಿದರೆ ಇನ್ನೂರಿಪ್ಪತ್ತು ಗ್ರಾಂ. ಐದು ಲೋಟಕ್ಕೆ ಸಾವಿರದ ನೂರು. ತಮ್ಮ ಮೊಬೈಲಿನಲ್ಲಿ ಬೇರೆಯೇ ಒಂದು ಕ್ಯಾಲ್ಕುಲೇಟರು ಹುಡುಕಿದರು. ಸಾಬೂನು ಮಾಡುವವರಿಗೆಂದೇ ಇರುವುದು, ಯಾವ ಎಣ್ಣೆ ಎಂದು ಮೊದಲು ಕೇಳುತ್ತದೆ. ಕೊಬ್ಬರಿ ಎಣ್ಣೆ ಎಂದರು, ಸಾವಿರದ ನೂರು ಎಂದರು. ಎಷ್ಟು ಸೋಡಾ ಬೇಕು ಎಂಬ ಉತ್ತರ ಬಂತು: ಇನ್ನೂರ ಒಂದು.

ಮೇಷ್ಟ್ರು ಮತ್ತೆ ತುಂಬಿದರು. ಮತ್ತೆ ಇನ್ನೂರ ಒಂದು.

"ಇದು ಹೆಂಗೆ ಸಾಧ್ಯ?" ಎಂದರು ಮೇಷ್ಟ್ರು. ಈಗ ನೆಲ ನೋಡುವ ಸರದಿ ಅವರದ್ದು. "ಲೋಟ ಚೂರು ದೊಡ್ಡದಿದ್ರೆ ಜಿಡ್ಡು. ಚೂರು ಚಿಕ್ಕದಿದ್ರೆ ಸುಡೋದು. ಕೊಬ್ಬರಿ ಎಣ್ಣೆ, ಈ ಲೋಟ, ಆ ನಲವತ್ತು... ಅಲ್ಲಾ, ಇದು ಹೆಂಗೆ ಸಾಧ್ಯ?"

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಒಂದು ಸಲವಾದರೆ ಹಾಗೆ ಅನ್ನಬಹುದು. ನಾಲ್ಕು ವರ್ಷ ಅದೇ ಕಾಗೆ ಅದೇ ಕೊಂಬೆಯ ಮೇಲೆ ಕೂತರೆ ಏನೆನ್ನಬೇಕೋ ನನಗೆ ತಿಳಿಯದು.

ಆಮೇಲೆ ಆಕ್ಲೆಂಡಿನ ಡಬ್ಬಿಯ ಮೇಲಿನ ಚೀಟಿ ಓದಿದರು. ಸೋಯಾ ಎಣ್ಣೆ. ಅದನ್ನು ಆರಿಸಿ ಅದೇ ಸಾವಿರದ ನೂರು ತುಂಬಿದರು. ನೂರ ನಲವತ್ತೆಂಟು ಗ್ರಾಂ ಸೋಡಾ ಸಾಕು ಎಂದು ಬಂತು. ಸೆಫಿನಾ ಸುರಿದದ್ದು ಇನ್ನೂರು. ಮಿಕ್ಕ ಐವತ್ತೆರಡು ಗ್ರಾಂ ಎಣ್ಣೆಗೆ ತಿನ್ನಲಾಗದೆ ಸಾಬೂನಿನಲ್ಲೇ ಉಳಿದು ಪಾದ್ರಿಯಮ್ಮನ ಕೈಯನ್ನು ತಿಂದಿತ್ತು. ಎಣ್ಣೆ ಎಣ್ಣೆಗೂ ಹಸಿವು ಬೇರೆ, ಕೊಬ್ಬರಿ ಎಣ್ಣೆ ಮಹಾ ಹೊಟ್ಟೆಬಾಕ ಎಂದರು ಮೇಷ್ಟ್ರು. ನನಗೆ ಅರ್ಥವಾದದ್ದು ಅದೊಂದೇ.

ತಪ್ಪು ಸಿಕ್ಕಿತು ಎಂದು ನಾನು ಹಿಗ್ಗಿದೆ. ವಾಪಸ್ಸು ಬರುವ ಬಸ್ಸಿನಲ್ಲಿ ಸೆಫಿನಾ ಹೇಳಿದಳು: "ಎಣ್ಣೆ ಬೇರೆ ಆಗಿದ್ದಕ್ಕೆ ಹಿಂಗಾಯ್ತು ಅಂದ್ರೆ ಅಧ್ಯಕ್ಷರ ತಂಗಿ ಮೇಲೆ ಗೂಬೆ ಕೂರಿಸ್ದಂಗೆ. ನಂಗೆ ಓದೋಕ್ ಬರ್ದೆ ಹಿಂಗಾಯ್ತು ಅಂದ್ರೆ, ನಾಲ್ಕು ವರ್ಷ ಕುರುಡಿ ಕೈಗೆ ಸೋಡಾ ಕೊಟ್ಟಿದ್ವಿ ಅಂತಾರೆ. ಯಾವುದ್ ಹೇಳ್ಲಿ?" ಅತ್ತ ದರಿ ಇತ್ತ ಪುಲಿ. ಮೊಬೈಲು ಕೆಟ್ಟಿತ್ತು ಎಂದುಬಿಡು ಎಂದೆ ನಾನು. ಅವಳು ನನ್ನನ್ನು ಎಷ್ಟು ಹೊತ್ತು ನೋಡಿದಳೆಂದರೆ ಹಾಗೆ ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಶನಿವಾರ. ಗೋಡೆಯಿಲ್ಲದ ಸಭೆಮನೆಯಲ್ಲಿ ಊರ ಹೆಣ್ಣುಮಕ್ಕಳು ಕಂಬಕ್ಕೊಬ್ಬರಂತೆ ಒರಗಿ ಕೂತಿದ್ದಾರೆ. ನಡುವಿನ ಕಂಬಕ್ಕೆ ಪಾದ್ರಿಯಮ್ಮ, ಎರಡೂ ಅಂಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು. ಹಿಂಬದಿಯಲ್ಲಿ, ಒಲೆಮನೆಯ ಕಡೆಗೆ ಸೊಸೆಯರು. ನನಗೆ ಮೆಟ್ಟಿಲ ಮೇಲೆ ಕೂರಲು ಹೇಳಿದ್ದಾರೆ. ಪ್ರಾರ್ಥನೆ ಮುಗಿದೊಡನೆ ವಾಯಿಓಲಾ, "ಲೋಮಿಯ ಹೆಂಡ್ತಿ ಏನ್ ಹೇಳ್ತಾಳೋ ಹೇಳ್ಲಿ" ಎನ್ನುತ್ತಾರೆ.

ಸೆಫಿನಾ ಎದ್ದು ನಿಲ್ಲದೆ, ನಮ್ಮ ರೀತಿಯಲ್ಲಿ ಕೂತೇ ಮಾತಾಡುತ್ತಾಳೆ. ಮೊದಲು ಪಾದ್ರಿಯಮ್ಮನ ಕಡೆ ತಲೆ ಬಾಗಿಸಿ ಕ್ಷಮೆ ಕೇಳುತ್ತಾಳೆ. ಆಮೇಲೆ ಹೇಳುತ್ತಾಳೆ: "ಮೊಬೈಲಲ್ಲಿ ಇದ್ದಿದ್ದು ಮೋಲ್. ನಾನು ಮೋಲಿ ಅಂತ ಓದ್ಕೊಂಡೆ. ಅದು ಸಾಬೂನಲ್ಲವಂತೆ."

"ಯಾವುದು ಸಾಬೂನಲ್ಲ?" ವಾಯಿಓಲಾ ಕೇಳುತ್ತಾರೆ.

"ಮೋಲ್."

"ಮೋಲಿ ಸಾಬೂನಲ್ವಾ? ಮತ್ತೆ ಕಿತ್ತಳೆನಾ?"

"ಕಿತ್ತಳೆನೂ ಅಲ್ಲ. ಕಟ್ಟು."

"ಸಾಬೂನಿನ ಕಟ್ಟಾ?"

"ಸೋಡಾ ಕಟ್ಟು."

"ಸೋಡಾನ ಯಾರೇ ಕಟ್ತಾರೆ? ಅದು ಪುಡಿ!" ಎನ್ನುತ್ತಾಳೆ ಒಬ್ಬ ಮುದುಕಿ. ಅತ್ತಲಿಂದ ಒಬ್ಬಳು ನಗುತ್ತಾಳೆ, ಇನ್ನೊಬ್ಬಳು ಗದರುತ್ತಾಳೆ, ಎಲ್ಲರೂ ಒಟ್ಟಿಗೆ ಮಾತಾಡತೊಡಗುತ್ತಾರೆ. ಸಭೆಯೆಲ್ಲ ಕಲಸುಮೇಲೋಗರ. ಮೆಟ್ಟಿಲ ಮೇಲೆ ಕೂತ ನಾನು, ಮುಗಿಯಿತು ಇವಳ ಕಥೆ ಎಂದುಕೊಳ್ಳುತ್ತಿದ್ದೇನೆ. ವಾಯಿಓಲಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಬಿಗಿದ ಮುಖದಲ್ಲಿ ಕೇಳಬೇಕಾದ್ದನ್ನೇ ಕೇಳುತ್ತಾರೆ: "ಅಂದ್ರೆ ನನ್ ತಂಗಿ ಕಳ್ಸಿದ ಎಣ್ಣೆ ಕೆಟ್ಟದ್ದು ಅಂತೀಯಾ?"

"ಇಲ್ಲ. ಎಣ್ಣೆ ಒಳ್ಳೇದೇ. ಅದು ಕಮ್ಮಿ ಸೋಡಾ ಕೇಳೋ ಎಣ್ಣೆ. ನಾನು ಕೊಬ್ಬರಿ ಎಣ್ಣೆಗೆ ಹಾಕೋಷ್ಟೇ ಹಾಕ್ದೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ನಾಲ್ಕು ವರ್ಷದಿಂದ ನಂಗೆ ಗೊತ್ತಿಲ್ದೇನೇ ಮಾಡ್ತಿದ್ದೆ. ಗೊತ್ತಿದೆ ಅಂತ ನಿಮಗೆಲ್ಲ ಅನ್ಸಿತ್ತು. ನಾನೂ ಹಂಗೇ ಬಿಟ್ಟೆ."

ಅದೇ ಮುದುಕಿ, "ಗೊತ್ತಿಲ್ದೆ ಮಾಡಿದ್ದು ನಾಲ್ಕು ವರ್ಷ ಸರಿಯಾಗಿ ಹೆಂಗೆ ಬಂತೇ?" ಎನ್ನುತ್ತಾಳೆ.

"ಗೊತ್ತಿಲ್ಲಮ್ಮಾ. ಮೇಷ್ಟ್ರಿಗೂ ಗೊತ್ತಿಲ್ಲ."

ಪಾದ್ರಿಯಮ್ಮ ನಗುತ್ತಾರೆ. ಅವರು ನಕ್ಕ ಮೇಲೆ ಉಳಿದವರಿಗೂ ನಗಲು ಅಪ್ಪಣೆ ಸಿಕ್ಕಂತಾಗುತ್ತದೆ. ವಾಯಿಓಲಾ ಸೊಂಟದಿಂದ ಬೀಗದ ಕೈ ತೆಗೆದು, ಇನ್ನು ಮೇಲೆ ಎಣ್ಣೆ ಬದಲಾದರೆ ಇವಳು ಹೇಳುವವರೆಗೆ ಯಾರೂ ಡಬ್ಬಿ ಬಿಚ್ಚಬಾರದು, ತಾನೂ ಬಿಚ್ಚುವುದಿಲ್ಲ ಎಂದು ಗಟ್ಟಿಯಾಗಿ ಹೇಳಿ ಚಾಪೆಯ ಮೇಲೆ ಅವಳ ಕಡೆಗೆ ಜಾರಿಸುತ್ತಾರೆ. ಒಪ್ಪಿ ಹೇಳಿದ್ದೋ, ಬೇರೆ ಯಾರೂ ಆ ಕೆಲಸಕ್ಕೆ ಸಿಗುವುದಿಲ್ಲವೆಂದು ಹೇಳಿದ್ದೋ, ಅವರ ಮುಖ ನೋಡಿದರೆ ತಿಳಿಯುವುದಿಲ್ಲ. ಸೆಫಿನಾಗೂ ತಿಳಿದಂತಿಲ್ಲ. ಬೀಗದ ಕೈಯನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂಬಂತೆ ನೋಡುತ್ತಿದ್ದಾಳೆ. ಪಕ್ಕದವಳು ತಿವಿದ ಮೇಲೆ ಎತ್ತಿಕೊಳ್ಳುತ್ತಾಳೆ.

ಊಟದ ಹೊತ್ತು. ಸೊಸೆಯರೆಲ್ಲ ಬಡಿಸಲು ಏಳುತ್ತಾರೆ. ಸೆಫಿನಾ ಕೂಡ ಎದ್ದು ಬಗ್ಗಿಕೊಂಡು ಪಾದ್ರಿಯಮ್ಮನ ಮುಂದೆ ಹಾಯುವಾಗ, ಅವರು ಬಟ್ಟೆ ಸುತ್ತಿದ ಕೈಯಿಂದ ಅವಳ ಸೊಂಟದ ಬಟ್ಟೆಯಂಚನ್ನು ತಡೆಯುತ್ತಾರೆ.

"ನೀನೆಲ್ಲಿಗೆ ಹೊರಟೆ? ಕೂತ್ಕೋ. ಆ ಇನ್ನೊಂದು ಎಣ್ಣೆಗೆ ಎಷ್ಟು ಸೋಡಾ ಅಂತ ನಂಗೆ ಇನ್ನೂ ತಿಳೀಲಿಲ್ಲ."

"ಬಡಿಸ್ಬೇಕು ಅಮ್ಮಾ."

"ಬಡಿಸೋರು ಇದಾರೆ. ಸೋಡಾ ಲೆಕ್ಕ ಹೇಳೋರು ಯಾರಿದಾರೆ? ಕೂತ್ಕೋ ಅಂದ್ನಲ್ಲ."

ಅವಳು ಅಲ್ಲೇ, ನಡುವಿನ ಕಂಬದ ಪಕ್ಕ ಕೂರುತ್ತಾಳೆ. ನೂರ ನಲವತ್ತೆಂಟು ಎನ್ನುತ್ತಾಳೆ. ಪಾದ್ರಿಯಮ್ಮ ಮತ್ತೆ ಕೇಳುತ್ತಾರೆ, ಮತ್ತೆ ಹೇಳುತ್ತಾಳೆ. ಅಷ್ಟರಲ್ಲಿ ಹೆಣೆದ ತಟ್ಟೆಯೊಂದು ಅವಳ ಮುಂದೆ ಬಂದು ಕೂರುತ್ತದೆ: ಕೆಸುವಿನ ಗೆಡ್ಡೆ, ಎಲೆಯಲ್ಲಿ ಕಟ್ಟಿ ಸುಟ್ಟ ಕಾಯಿಹಾಲು, ಒಂದು ಮೀನು. ತಂದಿಟ್ಟವಳು ವಾಯಿಓಲಾ ಅವರ ಸೊಸೆ. ಸೆಫಿನಾ ತಟ್ಟೆಯನ್ನು ಮೆಲ್ಲಗೆ ಪಾದ್ರಿಯಮ್ಮನ ಕಡೆ ಸರಿಸುತ್ತಾಳೆ. ಅವರ ಮುಂದೆ ಆಗಲೇ ಒಂದಿದೆ. ಅಧ್ಯಕ್ಷೆಯ ಕಡೆ ನೋಡುತ್ತಾಳೆ. ಅಲ್ಲೂ ಇದೆ.

"ಇದು ಯಾರದ್ದು?" ಎಂದು ಕೇಳುತ್ತಾಳೆ.

"ನಿಂದೇ ಕಣೇ," ಎನ್ನುತ್ತಾರೆ ವಾಯಿಓಲಾ, ಗೆಡ್ಡೆ ಮುರಿಯುತ್ತ. "ತಣ್ಣಗಾಗುತ್ತೆ, ತಿನ್ನು."

ಬಸ್ಸಿಗೆ ಕಾಯುತ್ತಿದ್ದಾಗ ನಾನು ಅವಳನ್ನು ಕೇಳಿದೆ: ಹೇಗಿತ್ತು ಊಟ?

"ಗೊತ್ತೇ ಆಗ್ಲಿಲ್ಲ ಅಕ್ಕಾ. ಮೀನು ಯಾವುದು ಅಂತಾನೂ ನೋಡ್ಲಿಲ್ಲ. ಯಾರಾದ್ರೂ ಬಂದು ತಟ್ಟೆ ತಗೊಂಡು ಹೋಗ್ತಾರೆ ಅಂತ ಗಬಗಬ ನುಂಗ್ಬಿಟ್ಟೆ." ನಕ್ಕು, ಬಾಯಿ ಒರೆಸಿಕೊಂಡಳು. "ಮುಂದಿನ ಸಲ ನಿಧಾನಕ್ಕೆ ತಿಂತೀನಿ."